ಓದುಗರ ಪ್ರಶ್ನೆ, ವೈದ್ಯರ ಉತ್ತರ: ಲೂಪಸ್ ವಂಶಪಾರಂಪರ್ಯವೇ?

ಕಳೆದ ಸಂಚಿಕೆಯಲ್ಲಿ ಲೂಪಸ್ ಬಗ್ಗೆ ಬರೆದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಮಾತು ಕೇಳಿವೆ: ಮನೆಯಲ್ಲಿ ಒಬ್ಬರಿಗೆ ಬಂದಿದೆ, ಉಳಿದವರ ಗತಿಯೇನು? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹಿಂದಿನ ಸಂಚಿಕೆ ಓದದವರಿಗೆ ಒಂದು ಸಾಲು: ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವುದನ್ನು ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಲೂಪಸ್ ಅಂಥದ್ದೊಂದು. ಚರ್ಮ, ಕೀಲು, ರಕ್ತ, ಮೂತ್ರಪಿಂಡ ಯಾವುದನ್ನು ಬೇಕಾದರೂ ಹಿಡಿಯಬಹುದು.

ಪ್ರಶ್ನೆ: ದೊಡ್ಡ ಮಗಳಿಗೆ 19 ವರ್ಷ, ಹೋದ ವರ್ಷ ಲೂಪಸ್ ಎಂದು ಗೊತ್ತಾಯಿತು. ಚಿಕ್ಕವಳಿಗೆ 14. ಅವಳಿಗೂ ಬರುತ್ತದಾ ಡಾಕ್ಟ್ರೇ? ಈಗಲೇ ರಕ್ತ ಪರೀಕ್ಷೆ, ಜೀನ್ ಪರೀಕ್ಷೆ ಎಲ್ಲ ಮಾಡಿಸಿಬಿಡಲಾ? — ಹೆಸರು ಬೇಡ, ಸಕಲೇಶಪುರ

ಉತ್ತರ: ಬರುವ ಸಾಧ್ಯತೆ ಬೇರೆ ಹುಡುಗಿಯರಿಗಿಂತ ಹೆಚ್ಚು, ಆದರೂ ಬಾರದಿರುವ ಸಾಧ್ಯತೆಯೇ ಬಹಳ ದೊಡ್ಡದು. ತೈವಾನ್ ದೇಶದ ಇಡೀ ಜನಸಂಖ್ಯೆಯ ಆರೋಗ್ಯ ದಾಖಲೆ ಇಟ್ಟುಕೊಂಡು ಮಾಡಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೂಪಸ್ ಇರುವವರ ಒಡಹುಟ್ಟಿದವರಿಗೆ ಸುಮಾರು 24 ಪಟ್ಟು ಹೆಚ್ಚು ಅಪಾಯ ಕಂಡುಬಂತು. ಕೇಳಿದರೆ ಎದೆ ಝಲ್ ಎನ್ನುತ್ತದೆ. ಆದರೆ ಲೂಪಸ್ ಮೊದಲೇ ಅಪರೂಪದ ಕಾಯಿಲೆ. ಅಪರೂಪದ್ದನ್ನು 24ರಿಂದ ಗುಣಿಸಿದರೂ, ಲೂಪಸ್ ಇರುವವರ ನೂರು ಮಂದಿ ತಂಗಿಯರನ್ನು ಸಾಲಾಗಿ ನಿಲ್ಲಿಸಿದರೆ 95ಕ್ಕೂ ಹೆಚ್ಚು ಮಂದಿಗೆ ಅದು ಜೀವಮಾನದಲ್ಲಿ ಬರುವುದಿಲ್ಲ.

ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನುಗಳು ಹೆಚ್ಚುಕಡಿಮೆ ತದ್ರೂಪ. ಒಬ್ಬಳಿಗೆ ಲೂಪಸ್ ಬಂದರೆ ಇನ್ನೊಬ್ಬಳಿಗೆ ಬರುವುದು ಬೇರೆಬೇರೆ ಅಧ್ಯಯನಗಳಲ್ಲಿ ನೂರಕ್ಕೆ 25ರಿಂದ 50ರ ನಡುವೆ. ಜೀನೇ ಎಲ್ಲವೂ ಆಗಿದ್ದರೆ ಅದು ನೂರಕ್ಕೆ ನೂರು ಇರಬೇಕಿತ್ತು. ನಿಮ್ಮ ಕಡೆಯವರಿಗೆ ಕಾಫಿಯ ಎಲೆತುಕ್ಕು ರೋಗ ಗೊತ್ತಿದೆ: ತುಕ್ಕಿಗೆ ಈಡಾಗುವ ತಳಿಯ ಗಿಡವಾದರೂ ಬೀಜಕಣ, ಮಳೆ, ಎಲೆಯ ಮೇಲಿನ ತೇವ ಎಲ್ಲ ಕೂಡಿಬಂದರಷ್ಟೇ ರೋಗ. ಲೂಪಸ್‌ನಲ್ಲಿ ಆ ಹೊರಗಿನ ಕಾರಣಗಳ ಪಟ್ಟಿಯಲ್ಲಿ ಬಿಸಿಲಿನ ನೇರಳಾತೀತ ಕಿರಣ, ಎಪ್‌ಸ್ಟೀನ್-ಬಾರ್ ಎಂಬ ವೈರಸ್, ಹೊಗೆಸೊಪ್ಪು, ಕಲ್ಲಿನ ದೂಳು, ಹೆಣ್ಣು ಹಾರ್ಮೋನು ಇವೆಲ್ಲ ಇವೆ.

ಜೀನುಗಳ ವಿಷಯಕ್ಕೆ ಬಂದರೆ, ಲೂಪಸ್‌ಗೆ ಸಂಬಂಧಿಸಿದ ನೂರಕ್ಕೂ ಹೆಚ್ಚು ತಾಣಗಳು ನಮ್ಮ ಕ್ರೋಮೋಸೋಮುಗಳಲ್ಲಿ ಪತ್ತೆಯಾಗಿವೆ. ಎಲ್ಲಕ್ಕಿಂತ ತೂಕದ್ದು 6ನೇ ಕ್ರೋಮೋಸೋಮಿನ ಎಚ್‌ಎಲ್‌ಎ ಪ್ರದೇಶ. ಯಾವುದು ನನ್ನದು, ಯಾವುದು ಪರಕೀಯ ಎಂದು ರೋಗನಿರೋಧಕ ಕೋಶಗಳಿಗೆ ತೋರಿಸಿಕೊಡುವ ಪ್ರೋಟೀನುಗಳು ತಯಾರಾಗುವುದು ಅಲ್ಲಿ. ಡಿಆರ್2, ಡಿಆರ್3 ಎಂಬ ಮಾದರಿಗಳಿದ್ದವರಿಗೆ ಅಪಾಯ ಸುಮಾರು ಎರಡು ಪಟ್ಟು. ಐಆರ್‌ಎಫ್5, ಸ್ಟ್ಯಾಟ್4ರಂಥ ಜೀನುಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕ ಎಷ್ಟು ಜೋರಾಗಿ ಕೆಲಸ ಮಾಡಬೇಕು ಎಂಬುದನ್ನು ಏರಿಳಿಸುತ್ತವೆ. ಇವುಗಳಲ್ಲಿ ಒಂದೊಂದೂ ಅಪಾಯವನ್ನು ಹೆಚ್ಚಿಸುವುದು ಒಂದೂಕಾಲು, ಒಂದೂವರೆ ಪಟ್ಟು. ಆರೋಗ್ಯವಾಗಿರುವ ನೆರೆಮನೆಯವರಲ್ಲೂ ಇವು ಹೇರಳವಾಗಿವೆ. ಆದ್ದರಿಂದ ಚಿಕ್ಕ ಮಗಳಿಗೆ ಜೀನ್ ಪರೀಕ್ಷೆ ಬೇಡ. ವರದಿಯಲ್ಲಿ ಏನೇ ಬರಲಿ, ಮಾಡಬೇಕಾದ ಕೆಲಸ ಅದೇ ಇರುತ್ತದೆ.

ಎಎನ್‌ಎ ಪರೀಕ್ಷೆಯೂ (ಸ್ವಂತ ಕೋಶಕೇಂದ್ರದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವುದು) ಸದ್ಯಕ್ಕೆ ಬೇಡ. ರೋಗಿಯ ಒಡಹುಟ್ಟಿದವರಲ್ಲಿ ಏನೂ ತೊಂದರೆ ಇಲ್ಲದವರಿಗೂ ಅದು ಪಾಸಿಟಿವ್ ಬರುವುದು ಸಾಮಾನ್ಯ. 14ರ ಹುಡುಗಿಗೆ ಕಾಯಿಲೆಯಿಲ್ಲದ ಕಾಯಿಲೆಯ ಹಣೆಪಟ್ಟಿ ಅಂಟಿಸಿದಂತಾಗುತ್ತದೆ.

ಮಾಡಬೇಕಾದ್ದು ಬಹಳ ಸರಳ. ವರ್ಷಕ್ಕೊಮ್ಮೆ ಬಿಪಿ ಮತ್ತು ಮೂತ್ರ ಪರೀಕ್ಷೆ. ಹೀಗೇ ಮಾಡಬೇಕೆಂಬ ಕಟ್ಟುನಿಟ್ಟಿನ ನಿಯಮ ಎಲ್ಲೂ ಇಲ್ಲ, ಇದು ನಮ್ಮ ಸಲಹೆ. ಯಾಕೆಂದರೆ ಲೂಪಸ್ ಮೂತ್ರಪಿಂಡ ಹಿಡಿದಾಗ ಆರಂಭದಲ್ಲಿ ನೋವೇ ಇರುವುದಿಲ್ಲ, ಮೂತ್ರದಲ್ಲಿ ಪ್ರೋಟೀನ್ ಸೋರುವುದೇ ಮೊದಲ ಸುಳಿವು. ಬೆಳಗಿನ ಮೊದಲ ಮೂತ್ರದ ನಡುವಿನ ಧಾರೆ ಹಿಡಿದುಕೊಡಿ. ಮುಟ್ಟಿನ ದಿನಗಳಲ್ಲಿ, ಜ್ವರ ಇದ್ದಾಗ, ಓಟ-ಆಟದ ಮರುದಿನ ಕೊಡಬೇಡಿ, ಸುಮ್ಮನೆ ತಪ್ಪು ಪಾಸಿಟಿವ್ ಬರುತ್ತದೆ. ಮೂತ್ರಕ್ಕೆ ಅದ್ದುವ ಪಟ್ಟಿಯಲ್ಲಿ ಪ್ರೋಟೀನ್ 1+ ಅಥವಾ ಹೆಚ್ಚು ಬಂದರೆ ಒಂದೆರಡು ವಾರ ಬಿಟ್ಟು ಇನ್ನೊಮ್ಮೆ. ಆಗಲೂ ಬಂದರೆ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಲೂಪಸ್ ಶಂಕೆಯಿದ್ದು ಅದು 0.5 ದಾಟಿದರೆ ಮೂತ್ರಪಿಂಡ ತಜ್ಞರ ಬಳಿ ಹೋಗಲು ತಡಮಾಡಬೇಡಿ.

ಜೊತೆಗೆ ಈ ಲಕ್ಷಣಗಳ ಮೇಲೆ ಕಣ್ಣಿರಲಿ: ಬೆಳಿಗ್ಗೆ ಎದ್ದು ಅರ್ಧ ಗಂಟೆಯಾದರೂ ಬಿಡದ ಕೈಬೆರಳಿನ ಬಿಗಿತ, ಊತ, ಬಿಸಿಲಿಗೆ ಹೋಗಿಬಂದ ಮೇಲೆ ಮೂಗು, ಕೆನ್ನೆಗೆ ಹರಡುವ ಕೆಂಪು (ಮೂಗಿನ ಪಕ್ಕದಿಂದ ಬಾಯಿಯ ಕಡೆ ಇಳಿಯುವ ಗೆರೆಯನ್ನು ಅದು ಸಾಮಾನ್ಯವಾಗಿ ಬಿಟ್ಟಿರುತ್ತದೆ), ಬಾಯಿಯ ಅಂಗುಳಿನಲ್ಲಿ ನೋವಿಲ್ಲದ ಹುಣ್ಣು, ಚಳಿಗೆ ಬೆರಳ ತುದಿ ಬೆಳ್ಳಗಾಗಿ ಆಮೇಲೆ ನೀಲಿಯಾಗುವುದು, ದೀರ್ಘ ಉಸಿರೆಳೆದರೆ ಎದೆ ಚುಚ್ಚುವುದು, ನೊರೆ ನೊರೆ ಮೂತ್ರ, ಪಾದದ ಊತ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಆಗ ಎಎನ್‌ಎ ಮಾಡಿಸುವುದಕ್ಕೆ ಅರ್ಥವಿದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಜ್ವರ ಬಂದು ಪ್ಲೇಟ್‌ಲೆಟ್, ಬಿಳಿರಕ್ತಕಣ ಇಳಿದರೆ ಮೊದಲು ಯೋಚಿಸಬೇಕಾದ್ದು ಡೆಂಗಿ, ಇಲಿಜ್ವರ, ಕಾಡಂಚಿನವರಾದರೆ ಮಂಗನ ಕಾಯಿಲೆ. ಅದು ಸರಿಯೇ. ಆದರೆ ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಒಂದೆರಡು ವಾರದಲ್ಲಿ ಮೇಲೇರುತ್ತದೆ. ಮೂರು ವಾರ ಕಳೆದರೂ ಏರದಿದ್ದರೆ, ಅಕ್ಕನಿಗೆ ಲೂಪಸ್ ಇದೆ ಎಂಬುದನ್ನು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಕಡೆ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಪ್ರಶ್ನೆ: ನಾನು ಮದುವೆಯಾದದ್ದು ನನ್ನ ಸೋದರತ್ತೆಯ ಮಗನನ್ನು. ನಮ್ಮ ಮಗಳಿಗೆ 5ನೇ ವಯಸ್ಸಿನಲ್ಲೇ ಲೂಪಸ್ ಬಂತು, ಮೇಲಿಂದ ಮೇಲೆ ನ್ಯುಮೋನಿಯಾ ಕೂಡ. ಈಗ ನನ್ನ ತಮ್ಮನ ಮಗಳನ್ನು ನನ್ನ ಮಗನಿಗೆ ತಂದುಕೊಳ್ಳುವ ಮಾತು ನಡೆದಿದೆ. ಹಿರಿಯರು ಒಪ್ಪಿದ್ದಾರೆ, ನನಗೆ ಮಾತ್ರ ಹೆದರಿಕೆ. — ಒಬ್ಬ ತಾಯಿ, ಹೊಳೆನರಸೀಪುರ

ಉತ್ತರ: ತಾಯಿ, ನಿಮ್ಮ ಹೆದರಿಕೆಗೆ ಕಾರಣವಿದೆ. ನಿಶ್ಚಿತಾರ್ಥಕ್ಕೆ ಮುಂಚೆ ಕೇಳಿದ್ದು ಒಳ್ಳೆಯದಾಯಿತು.

ಮೇಲೆ ಹೇಳಿದ್ದು ಸಾಮಾನ್ಯ ಲೂಪಸ್, ನೂರಾರು ಸಣ್ಣ ಜೀನು ಸೇರಿ ಕೊಡುವ ಒಲವು. ಸೋದರಿಕೆಯ ಮದುವೆಯಿಂದ ಅದೇನೂ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಆದರೆ ಇನ್ನೊಂದು ಬಗೆಯಿದೆ: ಒಂದೇ ಒಂದು ಜೀನು ಕೆಟ್ಟು ಬರುವ ಲೂಪಸ್. ಶಾಲೆಗೆ ಸೇರುವ ಮುಂಚೆಯೇ ಶುರುವಾಗುವುದು, ಗಂಡು-ಹೆಣ್ಣು ಭೇದ ಅಷ್ಟಾಗಿ ಇಲ್ಲದಿರುವುದು, ಪದೇ ಪದೇ ಸೋಂಕು, ತಂದೆತಾಯಿ ರಕ್ತಸಂಬಂಧಿಗಳು, ಇವು ಅದರ ಗುರುತು. ನಿಮ್ಮ ಮಗಳಿಗೆ ಇವುಗಳಲ್ಲಿ ಮೂರು ಇವೆ.

ಇಂಥ ಜೀನುಗಳಲ್ಲಿ ಹೆಸರುವಾಸಿಯಾದದ್ದು ಸಿ1ಕ್ಯೂ. ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳ ಸರಪಳಿಯಲ್ಲಿ ಇದು ಮೊದಲ ಕೊಂಡಿ. ಸತ್ತ ಜೀವಕೋಶಗಳ ಚೂರುಪಾರುಗಳನ್ನು ಆಗಿಂದಾಗ್ಗೆ ತೆಗೆದುಹಾಕಲು ಇದು ಬೇಕು. ತೆಗೆಯದಿದ್ದರೆ ಆ ಚೂರುಗಳೊಳಗಿನ ಡಿಎನ್‌ಎ ಮೇಲೆಯೇ ದೇಹ ಪ್ರತಿಕಾಯ ತಯಾರಿಸತೊಡಗುತ್ತದೆ. ಸಿ1ಕ್ಯೂ ಪೂರ್ತಿ ಇಲ್ಲದವರಲ್ಲಿ ನೂರಕ್ಕೆ 90ರಷ್ಟು ಮಂದಿಗೆ ಲೂಪಸ್ ಅಥವಾ ಅದರಂಥದ್ದೇ ಕಾಯಿಲೆ ಬರುತ್ತದೆ. ಅದೇ ಸರಪಳಿಯ ಸಿ4 ಪೂರ್ತಿ ಇಲ್ಲದವರಲ್ಲಿ ಸುಮಾರು 75. ಇಲ್ಲಿ ಜೀನೇ ಹೆಚ್ಚುಕಡಿಮೆ ಎಲ್ಲವನ್ನೂ ನಿರ್ಧರಿಸುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರಷ್ಟೇ ಕಾಯಿಲೆ. ಒಂದು ಪ್ರತಿ ಮಾತ್ರ ಇರುವವರು ವಾಹಕರು, ಅವರಿಗೆ ಈ ಕೊರತೆಯ ಕಾಯಿಲೆ ಬರುವುದಿಲ್ಲ.

ಪರೀಕ್ಷೆ ಶುರುವಾಗಬೇಕಾದ್ದು ಮಗಳಿಂದ, ಮದುವೆಯಾಗುವ ಹುಡುಗ-ಹುಡುಗಿಯಿಂದ ಅಲ್ಲ. ಮೊದಲು ಸಿ3, ಸಿ4 (ಸರಪಳಿಯ ಎರಡು ಕೊಂಡಿಗಳ ಅಳತೆ), ಸಿಎಚ್50 (ಇಡೀ ಸರಪಳಿ ಕೆಲಸ ಮಾಡುತ್ತಿದೆಯೇ ಎಂಬ ಪರೀಕ್ಷೆ). ಲೂಪಸ್ ಜೋರಾಗಿದ್ದಾಗ ಮೂರೂ ಇಳಿಯುವುದು ಸಹಜ. ಸಿ3, ಸಿ4 ಸರಿಯಾಗಿದ್ದು ಸಿಎಚ್50 ಮಾತ್ರ ಸೊನ್ನೆಯ ಹತ್ತಿರ ಇದ್ದರೆ ಸಿ1ಕ್ಯೂ ಅಥವಾ ಸಿ2 ಕೊರತೆಯ ಶಂಕೆ ಗಟ್ಟಿಯಾಗುತ್ತದೆ. ಇಲ್ಲೊಂದು ಎಡವಟ್ಟು ಆಗುವುದುಂಟು. ಸಿಎಚ್50 ಬಹಳ ನಾಜೂಕಿನ ಪರೀಕ್ಷೆ. ರಕ್ತ ತೆಗೆದು ಕೋಣೆಯ ಬಿಸಿಯಲ್ಲಿ ಬಿಟ್ಟು, ಸಂಜೆ ಬಸ್ಸಿಗೋ ಕೊರಿಯರಿಗೋ ಹಾಕಿ ಬೆಂಗಳೂರಿಗೆ ಕಳಿಸಿದರೆ ದಾರಿಯಲ್ಲೇ ಕಾಂಪ್ಲಿಮೆಂಟ್ ಕೆಟ್ಟು, ಇಲ್ಲದ ಕೊರತೆ ವರದಿಯಲ್ಲಿ ಕಾಣುತ್ತದೆ. ಸೀರಮ್ ಬೇಗ ಬೇರ್ಪಡಿಸಿ, ಡ್ರೈ ಐಸಿನಲ್ಲಿ ಹೆಪ್ಪುಗಟ್ಟಿಸಿ ಕಳಿಸುವ ವ್ಯವಸ್ಥೆ ಇದೆಯೇ ಎಂದು ಲ್ಯಾಬಿನಲ್ಲಿ ಕೇಳಿ. ಇಲ್ಲವೆಂದರೆ ಪರೀಕ್ಷೆ ಮಾಡುವ ಆಸ್ಪತ್ರೆಗೇ ಹೋಗಿ ರಕ್ತ ಕೊಡಿ.

ಆಮೇಲೆ ಮಗಳ ಜೀನ್ ಪರೀಕ್ಷೆ, ಕ್ಲಿನಿಕಲ್ ಎಕ್ಸೋಮ್ (ಕಾಯಿಲೆ ತರುವ ಸಾವಿರಾರು ಜೀನುಗಳನ್ನು ಒಟ್ಟಿಗೆ ಓದುವುದು) ಎಂದು ಕೇಳಬೇಕು. ಇದಕ್ಕೆ ಸಾಮಾನ್ಯ ಇಡಿಟಿಎ ಟ್ಯೂಬಿನ ರಕ್ತ ಸಾಕು, ಸಾಗಣೆಯ ತಲೆನೋವಿಲ್ಲ. ಕೆಟ್ಟ ಜೀನು ಸಿಕ್ಕರೆ ಅದೊಂದೇ ಜಾಗವನ್ನು ನಿಮ್ಮ ಮಗನಲ್ಲಿ ನೋಡಿದರಾಯಿತು, ಖರ್ಚು ಕಮ್ಮಿ.

ಲೆಕ್ಕ ಹೀಗಿದೆ. ಶಂಕೆ ನಿಜವಾದರೆ ನೀವು, ನಿಮ್ಮ ಯಜಮಾನರು ಇಬ್ಬರೂ ವಾಹಕರು. ಆರೋಗ್ಯವಾಗಿರುವ ಮಗ ವಾಹಕನಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ನಿಮ್ಮ ತಮ್ಮ ವಾಹಕನಾಗಿರುವುದು ಎರಡರಲ್ಲಿ ಒಂದು, ಅವನ ಮಗಳು ನಾಲ್ಕರಲ್ಲಿ ಒಂದು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವುದು ನಾಲ್ಕರಲ್ಲಿ ಒಂದು. ಎಲ್ಲ ಗುಣಿಸಿದರೆ 24ರಲ್ಲಿ ಒಂದು, ನೂರಕ್ಕೆ ನಾಲ್ಕು. ಹೊರಗಿನ ಸಂಬಂಧವಾದರೆ ಈ ಅಪಾಯ ನಗಣ್ಯ. ಪರೀಕ್ಷೆಯಲ್ಲಿ ಮಗ ವಾಹಕನಲ್ಲ ಎಂದು ಬಂದರೆ ಈ ಕಾಯಿಲೆಯ ಮಟ್ಟಿಗೆ ಸೋದರಿಕೆಯ ಅಡ್ಡಿ ಇಲ್ಲ. ವಾಹಕ ಎಂದು ಬಂದರೆ ಹುಡುಗಿಯದೂ ನೋಡಬೇಕು. ಇಬ್ಬರೂ ವಾಹಕರೆಂದಾದರೆ ಬೇರೆ ಸಂಬಂಧ ನೋಡಿ ಎನ್ನುವುದು ನಮ್ಮ ನೇರ ಮಾತು. ಅಷ್ಟರ ಮೇಲೂ ಮದುವೆಯಾದರೆ ಬಸಿರಿನ 11ರಿಂದ 13ನೇ ವಾರದಲ್ಲಿ ಮಾಸಿನ ಚೂರು ತೆಗೆದು ಪರೀಕ್ಷಿಸಲು ಆಗುತ್ತದೆ. ಈ ಎಲ್ಲ ಹೆಜ್ಜೆಗೆ ಮುಂಚೆ ಜೆನೆಟಿಕ್ ಕೌನ್ಸೆಲರ್ ಜೊತೆ ಒಮ್ಮೆ ಕೂತು ಮಾತಾಡಿ. ಅಲ್ಲಿಗೆ ಹೋಗುವಾಗ ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಂಡು ಹೋಗಿ: ಯಾರು ಯಾರನ್ನು ಮದುವೆಯಾದರು, ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳೆಷ್ಟು, ಯಾವ ಕಾಯಿಲೆ, ಎಷ್ಟನೇ ವಯಸ್ಸು. ಮನೆಯಲ್ಲಿ ಮುಚ್ಚಿಟ್ಟ ಸಾವುಗಳೇ ಇಂಥ ಕಡೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ನನಗೆ 38 ವರ್ಷ, ಯಾವ ತೊಂದರೆಯೂ ಇಲ್ಲ. ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಮಾಡಿಸಿದೆ. ಎಎನ್‌ಎ ಪಾಸಿಟಿವ್, 1:80 ಎಂದು ಬಂದಿದೆ. ಗೂಗಲ್ ನೋಡಿ ನಿದ್ದೆ ಹೋಗಿದೆ. — ಓದುಗ, ಅರಸೀಕೆರೆ

ಉತ್ತರ: ನಿದ್ದೆ ಮಾಡಿ. ಆರೋಗ್ಯವಂತರಲ್ಲಿ 1:80 ಮಟ್ಟದ (ಸೀರಮ್ಮನ್ನು 80 ಪಟ್ಟು ತೆಳುಮಾಡಿದರೂ ಕಾಣುವ) ಎಎನ್‌ಎ ನೂರಕ್ಕೆ ಸುಮಾರು 13 ಜನರಿಗೆ ಇರುತ್ತದೆ, 1:160 ಆದರೆ ಐದು ಜನರಿಗೆ. 2019ರ ಅಂತಾರಾಷ್ಟ್ರೀಯ ಮಾನದಂಡದಲ್ಲಿ 1:80 ಎಂಬುದು ಒಳಗೆ ಬರುವ ಬಾಗಿಲು ಅಷ್ಟೆ. ಅಲ್ಲಿಂದ ಮುಂದೆ ಲಕ್ಷಣಗಳಿಗೆ, ಬೇರೆ ಪರೀಕ್ಷೆಗಳಿಗೆ ಅಂಕ ಕೂಡಿಸಿ ಹತ್ತು ಆದರಷ್ಟೇ ಲೂಪಸ್ ಎನ್ನಬಹುದು. ನಿಮ್ಮ ಅಂಕ ಸೊನ್ನೆ. ಒಂದು ಮೂತ್ರ ಪರೀಕ್ಷೆ, ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್ ಸರಿಯಿದೆಯೇ ನೋಡಿ (ಪ್ಯಾಕೇಜಿನಲ್ಲೇ ಇರುತ್ತವೆ), ಅಲ್ಲಿಗೆ ಮುಗಿಯಿತು. ಎಎನ್‌ಎ ಮತ್ತೆ ಮತ್ತೆ ಮಾಡಿಸಬೇಡಿ. ಕ್ಷಯದ ಐಸೋನಿಯಾಜಿಡ್, ಬಿಪಿಯ ಹೈಡ್ರಲಜಿನ್ ಥರದ ಮಾತ್ರೆಗಳೂ ಎಎನ್‌ಎ ಪಾಸಿಟಿವ್ ಮಾಡುತ್ತವೆ. ಥೈರಾಯ್ಡ್‌ನ ಆಟೋಇಮ್ಯೂನ್ ತೊಂದರೆ ಇರುವವರಲ್ಲೂ ಕಾಣುತ್ತದೆ. ಲಕ್ಷಣವಿಲ್ಲದವರ ಪ್ಯಾಕೇಜಿಗೆ ಈ ಪರೀಕ್ಷೆಯನ್ನು ತುರುಕುವುದೇ ತಪ್ಪು ಎನ್ನುವುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಲೂಪಸ್ ಹೆಣ್ಣುಮಕ್ಕಳಿಗೇ ಏಕೆ ಹೆಚ್ಚು? ಹಾರ್ಮೋನು ಎಂದು ಪಾಠದಲ್ಲಿದೆ. ಅಷ್ಟೇನಾ? — ಬಿಎಸ್ಸಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಅಷ್ಟೇ ಅಲ್ಲ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಹೆಂಗಸರು. ಈಸ್ಟ್ರೋಜನ್‌ಗೆ ಇದರಲ್ಲಿ ಪಾಲಿದೆ, ಆದರೆ ಎಕ್ಸ್ ಕ್ರೋಮೋಸೋಮಿನದೇ ಬೇರೆ ಕಥೆ. ಎರಡು ಎಕ್ಸ್, ಒಂದು ವೈ ಇರುವ ಕ್ಲೈನ್‌ಫೆಲ್ಟರ್ ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ನಿಜ. ಆದರೂ ಅವರಲ್ಲಿ ಲೂಪಸ್ ಅಪಾಯ ಉಳಿದ ಗಂಡಸರಿಗಿಂತ ಸುಮಾರು 14 ಪಟ್ಟು, ಅಂದರೆ ಹೆಂಗಸರ ಸರಿಸಮಕ್ಕೆ ಏರುವುದನ್ನು ನೋಡಿದಾಗ ಸಂಶೋಧಕರ ಗಮನ ಎಕ್ಸ್ ಕಡೆ ಹೋಯಿತು.

ಹೆಂಗಸರ ಪ್ರತಿ ಕೋಶದಲ್ಲೂ ಎರಡರಲ್ಲಿ ಒಂದು ಎಕ್ಸ್ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ನೀವು ಓದಿರುತ್ತೀರಿ. ಆದರೆ ಕೆಲವು ಜೀನುಗಳು ಆ ಮೌನ ಮುರಿಯುತ್ತವೆ. ಟಿಎಲ್‌ಆರ್7 ಅಂಥದ್ದು. ವೈರಸ್‌ನ ಆರ್‌ಎನ್‌ಎಯನ್ನು ಗುರುತುಹಿಡಿದು ಇಂಟರ್‌ಫೆರಾನ್ ಎಬ್ಬಿಸುವುದು ಇದರ ಕೆಲಸ. ಎರಡೂ ಪ್ರತಿ ನಡೆದರೆ ಗದ್ದಲ ಹೆಚ್ಚು, ದೇಹದ ಸ್ವಂತ ಆರ್‌ಎನ್‌ಎಗೂ ಕೆರಳುತ್ತದೆ. 2022ರಲ್ಲಿ ಸ್ಪೇನ್‌ನ ಒಬ್ಬ ಬಾಲಕಿಯಲ್ಲಿ ಈ ಒಂದೇ ಜೀನಿನ ಒಂದಕ್ಷರದ ಬದಲಾವಣೆಯಿಂದಲೇ ಲೂಪಸ್ ಬಂದದ್ದು ವರದಿಯಾಯಿತು. ಅದೇ ಬದಲಾವಣೆಯನ್ನು ಇಲಿಗಳಿಗೆ ಹಾಕಿದಾಗ ಅವಕ್ಕೂ ಲೂಪಸ್ ಬಂತು. ಇನ್ನು, ಗಂಡಸರಿಗೆ ಬರುವುದೇ ಇಲ್ಲ ಎಂದು ತಿಳಿಯಬಾರದು. ಅವರಲ್ಲಿ ಲೂಪಸ್ ಇರಬಹುದೆಂಬ ಅನುಮಾನವೇ ತಡವಾಗಿ ಬರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದೂ ಹೆಚ್ಚು.

ಪ್ರಶ್ನೆ: ಆನ್‌ಲೈನಿನಲ್ಲಿ ಕಿಟ್ ತರಿಸಿ ಎಂಜಲು ಕಳಿಸಿದ್ದೆ. ಲೂಪಸ್‌ಗೆ ಹೆಚ್ಚಿನ ಅಪಾಯ, ಸೀಲಿಯಾಕ್‌ಗೆ ಕಡಿಮೆ ಎಂದು ಬಂದಿದೆ. ನಂಬಬಹುದಾ? — ಓದುಗಿ, ಬೇಲೂರು

ಉತ್ತರ: ಲೂಪಸ್‌ನ ಮಾತನ್ನು ಬದಿಗಿಡಿ. ಹೆಚ್ಚು ಎಂದರೆ ಎಷ್ಟರಿಂದ ಎಷ್ಟಕ್ಕೆ ಎಂದು ವರದಿಯಲ್ಲಿ ಹುಡುಕಿ. ಲಕ್ಷಕ್ಕೆ 50 ಇದ್ದದ್ದು 75 ಆದರೂ ಒಂದೂವರೆ ಪಟ್ಟೇ, ಆದರೆ ಉಳಿದ 99,925 ಜನರಿಗೆ ಏನೂ ಆಗುವುದಿಲ್ಲ. ಇನ್ನೊಂದು ತೊಡಕು: ಈ ಲೆಕ್ಕಗಳಿಗೆ ಆಧಾರವಾದ ಮಾಹಿತಿ ಬಹುಪಾಲು ಯುರೋಪ್ ಮೂಲದವರದು. ಅಲ್ಲಿ ಮುಖ್ಯವಾದ ಪಿಟಿಪಿಎನ್22 ಜೀನಿನ ಪ್ರಸಿದ್ಧ ರೂಪ ನಮ್ಮವರಲ್ಲಿ ಬಹಳ ವಿರಳ. ನಮ್ಮಲ್ಲಿ ಮುಖ್ಯವಾದವು ಆ ಪಟ್ಟಿಯಲ್ಲಿ ಇರದಿರಬಹುದು. ಜೀನೋಮ್‌ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ. ಅದರ ಫಲ ಮನೆಮನೆಯ ಕಿಟ್ಟಿಗೆ ಇಳಿಯಲು ಸಮಯ ಬೇಕು.

ಸೀಲಿಯಾಕ್, ಅಂದರೆ ಗೋಧಿಯ ಗ್ಲುಟೆನ್‌ಗೆ ಕರುಳು ಕೆರಳುವ ಕಾಯಿಲೆಯ ಮಾತು ಬೇರೆ. ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಇಲ್ಲದೆ ಅದು ಬರುವುದೇ ಇಲ್ಲ ಎನ್ನುವಷ್ಟು ಅಪರೂಪ. ಹಾಗಾಗಿ ಎರಡೂ ಇಲ್ಲವೆಂಬ ಫಲಿತಾಂಶಕ್ಕೆ ನಿಜಕ್ಕೂ ಬೆಲೆಯಿದೆ. ಇದೆ ಎಂಬುದಕ್ಕೆ ಅಷ್ಟು ಬೆಲೆಯಿಲ್ಲ, ಜನಸಾಮಾನ್ಯರಲ್ಲಿ ಮೂರನೇ ಒಂದು ಪಾಲಿಗೆ ಅವು ಇರುತ್ತವೆ. ಆದರೆ ಎಲ್ಲ ಕಿಟ್ಟುಗಳೂ ಡಿಕ್ಯೂ2ರ ಎಲ್ಲ ರೂಪಗಳನ್ನು ನೋಡುವುದಿಲ್ಲ. ಹೊಟ್ಟೆಯ ತೊಂದರೆ ಇದ್ದರೆ ಚಪಾತಿ ಬಿಡುವ ಮುಂಚೆ ಟಿಟಿಜಿ-ಐಜಿಎ ರಕ್ತ ಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು. ಮುದ್ದೆ, ಅನ್ನ ಉಣ್ಣುವ ಮನೆಗಳಲ್ಲಿ ಗೋಧಿ ಕಡಿಮೆ ಇರುವುದರಿಂದ ಈ ಎಚ್ಚರಿಕೆ ಹಳೇ ಮೈಸೂರು ಕಡೆ ಇನ್ನೂ ಮುಖ್ಯ.

ಪ್ರಶ್ನೆ: ಅಪ್ಪನಿಗೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇದೆ, ಬೆನ್ನು ಬಾಗಿದೆ. ನನಗೆ 24, ಎಚ್‌ಎಲ್‌ಎ-ಬಿ27 ಪಾಸಿಟಿವ್ ಬಂದಿದೆ. ಆಗಾಗ ಸೊಂಟನೋವು. ನನ್ನ ಬೆನ್ನೂ ಹಾಗೇ ಆಗುತ್ತಾ ಸಾರ್? — ಕಡೂರು

ಉತ್ತರ: ಬಿ27 ಎಂಬ ಎಚ್‌ಎಲ್‌ಎ ಮಾದರಿ ಇರುವ ಜನಸಾಮಾನ್ಯರಲ್ಲಿ ನೂರಕ್ಕೆ ಐದು ಜನರಿಗೂ ಈ ಕಾಯಿಲೆ, ಅಂದರೆ ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿದುಕೊಳ್ಳುವುದು, ಬರುವುದಿಲ್ಲ. ಆದರೆ ತಂದೆಗೆ ಕಾಯಿಲೆ ಇದ್ದು ಮಗನಿಗೆ ಬಿ27 ಬಂದಿದ್ದರೆ ಅದು ಐದರಲ್ಲಿ ಒಂದಕ್ಕೆ ಏರಬಹುದು. ಆದ್ದರಿಂದ ನಿಮ್ಮ ಸೊಂಟನೋವು ಯಾವ ಬಗೆಯದು ಎಂಬುದೇ ಮುಖ್ಯ. ಮೂರು ತಿಂಗಳಿಂದ ಇದೆಯೇ? ರಾತ್ರಿಯ ಉತ್ತರಾರ್ಧದಲ್ಲಿ ಎಬ್ಬಿಸುತ್ತದೆಯೇ? ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿತವಿದ್ದು ಓಡಾಡಿದರೆ ಸಡಿಲವಾಗುತ್ತದೆಯೇ? ಮಲಗಿದರೆ ಹೆಚ್ಚೇ? ಇವಕ್ಕೆ ಹೌದಾದರೆ ಎಕ್ಸ್‌ರೇ ಒಂದನ್ನೇ ನೆಚ್ಚಿಕೊಳ್ಳಬೇಡಿ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳು ಹಿಡಿಯುತ್ತವೆ. ಸೊಂಟದ ಹಿಂದಿನ ಸ್ಯಾಕ್ರೋಇಲಿಯಾಕ್ ಕೀಲುಗಳ ಎಂಆರ್‌ಐ ಮಾಡಿಸಬೇಕು, ಚೀಟಿಯಲ್ಲಿ ಸ್ಟಿರ್ ಸೀಕ್ವೆನ್ಸ್ (ಉರಿಯೂತವನ್ನು ಎತ್ತಿ ತೋರಿಸುವ ಚಿತ್ರ) ಎಂದು ಬರೆಸಿಕೊಳ್ಳಿ. ಬರೀ ಸೊಂಟದ ಭಾಗದ ಬೆನ್ನುಮೂಳೆಯ ಎಂಆರ್‌ಐ ಮಾಡಿ ಎಲ್ಲ ಸರಿಯಿದೆ ಎಂದು ಕಳಿಸುವುದು ಆಗಾಗ ನಡೆಯುವ ತಪ್ಪು. ಹೊಲದಲ್ಲಿ ಮೂಟೆ ಎತ್ತಿದ ದಿನ ನೋವು, ಮಲಗಿದರೆ ಆರಾಮ ಎಂದಾದರೆ ಅದು ಸ್ನಾಯುವಿನದು. ಒಂದು ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಇದೇ ಜೀನಿಗೆ ಸೇರಿದ ಯೂವಿಯೈಟಿಸ್ (ಕಣ್ಣಿನೊಳಗಿನ ಉರಿಯೂತ) ಇರಬಹುದು. ಅಪ್ಪನ ಬೆನ್ನನ್ನು ನೋಡಿ ನಿಮ್ಮದನ್ನು ಊಹಿಸಬೇಡಿ. ಅವರ ಕಾಲಕ್ಕೆ ಇಲ್ಲದ ಔಷಧಿಗಳು ಈಗಿವೆ.

ಪ್ರಶ್ನೆ: ಹಾಸನದ ಹತ್ತಿರ ಗ್ರಾನೈಟ್ ಕ್ವಾರಿಯಲ್ಲಿ ಡ್ರಿಲ್ಲಿಂಗ್ ಕೆಲಸ. ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಬೀಡಿ ಸೇದುತ್ತೇನೆ. ನನಗೂ ಬರಬಹುದಾ?

ಉತ್ತರ: ಜೀನು, ದೂಳು, ಹೊಗೆ ಮೂರೂ ಒಬ್ಬರಲ್ಲೇ ಸೇರಿವೆ. ಸ್ವೀಡನ್‌ನ ಅಧ್ಯಯನವೊಂದರಲ್ಲಿ ಸಂಧಿವಾತದ ಎಚ್‌ಎಲ್‌ಎ ಮಾದರಿಯ ಎರಡು ಪ್ರತಿ ಇದ್ದು ಹೊಗೆಯನ್ನೂ ಸೇದುವವರಿಗೆ, ಎರಡೂ ಇಲ್ಲದವರಿಗಿಂತ ಸಿಸಿಪಿ ಎಂಬ ಪ್ರತಿಕಾಯ ಇರುವ ಸಂಧಿವಾತ ಸುಮಾರು 20 ಪಟ್ಟು ಹೆಚ್ಚು ಕಂಡಿತು. ಹೊಗೆ ಶ್ವಾಸಕೋಶದ ಪ್ರೋಟೀನುಗಳ ರೂಪವನ್ನು ಬದಲಿಸುತ್ತದೆ, ಆ ಎಚ್‌ಎಲ್‌ಎ ಮಾದರಿ ಬದಲಾದ ಪ್ರೋಟೀನನ್ನು ಎತ್ತಿ ತೋರಿಸುವುದರಲ್ಲಿ ಚುರುಕು. ಅಮ್ಮನಿಂದ ಬಂದದ್ದನ್ನು ವಾಪಸ್ ಕೊಡಲಾಗದು, ಬೀಡಿಯನ್ನು ಬಿಡಬಹುದು.

ಕಲ್ಲಿನ ದೂಳಿನ ಸಿಲಿಕಾ ಸಂಧಿವಾತಕ್ಕೂ ಲೂಪಸ್‌ಗೂ ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾಕ್ಕೂ ದಾರಿ ಎಂಬುದು ಚೆನ್ನಾಗಿ ಸಾಬೀತಾಗಿದೆ. ಕೆಡಿಸುವುದು ಕಣ್ಣಿಗೆ ಕಾಣದ ನುಣುಪು ದೂಳು, ಅದು ಟವೆಲ್ಲಿನಲ್ಲಿ ನಿಲ್ಲುವುದಿಲ್ಲ. ಕುಳಿ ಕೊರೆಯುವಾಗ ನೀರು ಹರಿಯುತ್ತಿರಬೇಕು. ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡ ಇದ್ದರೆ ಪಕ್ಕದಿಂದ ಸೋರುತ್ತದೆ. ಬಟ್ಟೆಯನ್ನು ಕೆಲಸದ ಜಾಗದಲ್ಲೇ ಬದಲಿಸಿ, ಮನೆಗೆ ತಂದು ಕೊಡವಬೇಡಿ. ಮುಂಜಾನೆ ಬೆರಳುಗಂಟು ಊದಿ ಆರು ವಾರ ಮೀರಿದರೆ ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್) ಜೊತೆ ಸಿಸಿಪಿ ರಕ್ತ ಪರೀಕ್ಷೆಯನ್ನೂ ಮಾಡಿಸಿ. ನೋವಿನ ಮಾತ್ರೆ ನುಂಗುತ್ತ ವರ್ಷ ಕಳೆದರೆ ಸವೆದ ಮೂಳೆ ಮರಳುವುದಿಲ್ಲ.

ಪ್ರಶ್ನೆ: ನನಗೆ 27, ಲೂಪಸ್ ಇದೆ, ಆಂಟಿ-ರೋ ಪಾಸಿಟಿವ್. ಈಗ ಮೂರು ತಿಂಗಳು ತುಂಬಿದೆ. ಮಗುವಿಗೂ ಬರುತ್ತದೆ, ಮಾತ್ರೆ ನಿಲ್ಲಿಸು ಎಂದು ಅತ್ತೆ ಹೇಳುತ್ತಾರೆ. — ಮೂಡಿಗೆರೆ

ಉತ್ತರ: ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನಿಲ್ಲಿಸಲೇಬೇಡಿ. ನಿಲ್ಲಿಸಿದರೆ ಲೂಪಸ್ ಕೆರಳುತ್ತದೆ, ಮಗುವಿಗೆ ಅಪಾಯ ಅಲ್ಲಿಂದಲೇ ಬರುವುದು. ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಮೀರಬಾರದು: 60 ಕಿಲೋ ಇದ್ದರೆ 300. ಅಜಥಯೋಪ್ರಿನ್ ಇದ್ದರೆ ಅದನ್ನೂ ಬಸಿರಿನಲ್ಲಿ ಕೊಡುತ್ತಾರೆ. ಮೈಕೋಫೆನೊಲೇಟ್ ಮಾತ್ರ ಬಸಿರಿಗೆ ಕನಿಷ್ಠ ಆರು ವಾರ ಮುಂಚೆ ನಿಲ್ಲಿಸಿರಬೇಕು. ಈಗಲೂ ತೆಗೆದುಕೊಳ್ಳುತ್ತಿದ್ದರೆ ಇಂದೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಬಸಿರಿನ ನಂಜು (ಬಿಪಿ ಏರಿ ತಾಯಿ, ಮಗುವಿಗೆ ಅಪಾಯ ತರುವ ಪ್ರಿಎಕ್ಲಾಂಪ್ಸಿಯಾ) ತಡೆಯಲು ಕಡಿಮೆ ಪ್ರಮಾಣದ ಆಸ್ಪಿರಿನ್ ಅನ್ನು 16ನೇ ವಾರದೊಳಗೆ ಶುರುಮಾಡುವ ಬಗ್ಗೆಯೂ ಕೇಳಿ.

ಮಗಳು ಹುಟ್ಟಿದರೆ ಅವಳಿಗೆ ಮುಂದೆ ಲೂಪಸ್ ಬರುವುದು ಸುಮಾರು 40ರಲ್ಲಿ ಒಂದು, ಮಗನಾದರೆ 250ರಲ್ಲಿ ಒಂದು ಎನ್ನುತ್ತಾರೆ. ಆಂಟಿ-ರೋ ವಿಷಯ ಇದಕ್ಕಿಂತ ಬೇರೆ, ಅದು ಜೀನಿನದಲ್ಲ. ನಿಮ್ಮ ರಕ್ತದ ಆ ಪ್ರತಿಕಾಯ ಮಾಸಿನ ಮೂಲಕ ದಾಟಿ ಮಗುವಿನ ಹೃದಯದ ವಿದ್ಯುತ್ ತಂತುಗಳನ್ನು ಕೆಡಿಸಬಹುದು. ನೂರಕ್ಕೆ ಒಂದೆರಡು ಬಸಿರಿನಲ್ಲಿ ಹೀಗಾಗುತ್ತದೆ, ಹಿಂದಿನ ಮಗುವಿಗೆ ಆಗಿದ್ದರೆ ನೂರಕ್ಕೆ 15ರಿಂದ 20ರಲ್ಲಿ. 16ರಿಂದ 26ನೇ ವಾರದವರೆಗೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಫೀಟಲ್ ಎಕೋ (ಹೊಟ್ಟೆಯೊಳಗಿನ ಮಗುವಿನ ಹೃದಯದ ಸ್ಕ್ಯಾನ್) ಬೇಕು. ಸಾಮಾನ್ಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಇದು ಆಗುವುದಿಲ್ಲ. ಪಿಆರ್ ಇಂಟರ್ವಲ್ (ಹೃದಯದ ವಿದ್ಯುತ್ ಸಂಕೇತ ಮೇಲಿನ ಕೋಣೆಯಿಂದ ಕೆಳಗಿಳಿಯಲು ಹಿಡಿಯುವ ಸಮಯ) ಅಳೆಯುತ್ತೀರಾ ಎಂದು ಮೊದಲೇ ಫೋನಿನಲ್ಲಿ ಕೇಳಿ. ನಿಮ್ಮ ಆ ವಾರಗಳು ಜೋರು ಮಳೆಗೆ ಬಿದ್ದರೆ ಚಾರ್ಮಾಡಿ ಘಾಟಿಯನ್ನು ನಂಬಿ ಮಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ, ಗುಡ್ಡ ಕುಸಿದರೆ ಎರಡು ಎಕೋ ತಪ್ಪಿಹೋಗುತ್ತವೆ. ಹಾಸನ, ಬೆಂಗಳೂರಿನ ಕಡೆ ವಿಚಾರಿಸಿ. ನಡುವೆ ಊರಿನ ನರ್ಸಮ್ಮ ಮಗುವಿನ ಎದೆಬಡಿತ ನೋಡಿದಾಗ ನಿಮಿಷಕ್ಕೆ 110ಕ್ಕಿಂತ ಕಡಿಮೆ ಇದ್ದರೆ ಕಾಯದೆ ದೊಡ್ಡಾಸ್ಪತ್ರೆಗೆ ಹೊರಡಿ. ಹುಟ್ಟಿದ ಮಗುವಿಗೆ ಒಂದು ಇಸಿಜಿ ಮಾಡಿಸಿ. ಚರ್ಮದಲ್ಲಿ ಕೆಂಪು ಉಂಗುರಗಳು ಕಂಡರೆ ಹೆದರಬೇಡಿ, ನಿಮ್ಮಿಂದ ಹೋದ ಪ್ರತಿಕಾಯ ಕರಗುತ್ತ ಆರೆಂಟು ತಿಂಗಳಲ್ಲಿ ಮಾಯುತ್ತವೆ. ಈ ಪುಟವನ್ನು ಅತ್ತೆಯವರಿಗೂ ಓದಿ ಹೇಳಿ.

ಪ್ರಶ್ನೆ: ಮನೆತನದಲ್ಲಿ ಆಟೋಇಮ್ಯೂನ್ ಕಾಯಿಲೆ ಇರುವವರು ಇಮ್ಯೂನಿಟಿ ಹೆಚ್ಚಲು ಅಮೃತಬಳ್ಳಿ ಕಷಾಯ ಕುಡಿಯಬಹುದೇ? — ಕೊಪ್ಪ

ಉತ್ತರ: ದಿನಾ ಕುಡಿಯುವುದು ಬೇಡ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ವಾರಗಟ್ಟಲೆ ಕುಡಿದವರಲ್ಲಿ ಯಕೃತ್ತಿನ ಉರಿಯೂತ ಕಂಡದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು, ಅವರಲ್ಲಿ ಕೆಲವರಿಗೆ ಮೊದಲೇ ಥೈರಾಯ್ಡ್‌ನಂಥ ಆಟೋಇಮ್ಯೂನ್ ತೊಂದರೆ ಇತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬಳ್ಳಿಯ ಗುರುತು ತಪ್ಪಿರಬಹುದು ಎಂದಿತು. ವಾದ ಏನೇ ಇರಲಿ, ಕೆರಳುವ ಸ್ವಭಾವದ ವ್ಯವಸ್ಥೆಯನ್ನು ಇನ್ನಷ್ಟು ಕೆಣಕುವುದರಲ್ಲಿ ಲಾಭ ಕಾಣುವುದಿಲ್ಲ. ಲೂಪಸ್ ಇರುವವರು ಆಲ್ಫಾಲ್ಫಾ, ಅಂದರೆ ದನಕ್ಕೆ ಹಾಕುವ ಕುದುರೆ ಮಸಾಲೆ ಸೊಪ್ಪಿನ ಮೊಳಕೆ, ಪುಡಿ, ಮಾತ್ರೆಗಳನ್ನೂ ಮುಟ್ಟಬಾರದು. ಅದರಲ್ಲಿರುವ ಕ್ಯಾನವನೈನ್ ಲೂಪಸ್ ಕೆರಳಿಸುತ್ತದೆ. ಈಗಾಗಲೇ ಕಷಾಯ ಕುಡಿಯುತ್ತಿದ್ದು ಮೂತ್ರ ಕಡುಹಳದಿ, ಕಣ್ಣು ಹಳದಿ, ಊಟ ಸೇರದಿರುವುದು ಕಂಡರೆ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಿ, ಕುಡಿದ ಪುಡಿಯ ಡಬ್ಬಿಯನ್ನೂ ವೈದ್ಯರ ಹತ್ತಿರ ಒಯ್ಯಿರಿ.